ತಾಂಗಾ ಮರದ ಬೆಣ್ಣೆ ತಗೊಂಡೆ, ಹಿಮ್ಮಡಿ ಒಡೆದೋರು ಓದಿ

ಹಾಸನದ ಡಿಸೆಂಬರ್ ಚಳೀಗೆ ಅಮ್ಮನ ಹಿಮ್ಮಡಿ ಸೀಳಿ ರಕ್ತ ಬರ್ತಿತ್ತು, ಅದಕ್ಕೆ ಇಲ್ಲೇ ಒಂದ್ ಅಂಗಡೀಲಿ 100 ಗ್ರಾಂ ಶಿಯಾ ಬಟರ್ ತಗೊಂಡೆ, ಅಂದ್ರೆ ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯೋ ಬೆಣ್ಣೆ, 350 ರೂಪಾಯಿ. ಡಬ್ಬಿ ಮೇಲೆ ಉತ್ತರ ಘಾನಾದ್ದು ಅಂತಿದೆ. ಅಲ್ಲಿ ತಮಾಲೆ ಕಡೆ ದಗ್ಬಾನಿ ಮಾತಾಡೋರು ಈ ಮರಕ್ಕೆ ತಾಂಗಾ ಅಂತಾರೆ, ಹೆಂಗಸ್ರು ಬಿದ್ದ ಹಣ್ಣು ಆರಿಸಿ ಬೀಜ ಬೇಯಿಸಿ ಒಣಗಿಸಿ ಹುರಿದು ಅರೆದು ಆಮೇಲೆ ನೀರು ಹಾಕಿ ಕೈಯಲ್ಲೇ ನಾದಿ ನಾದಿ ಬೆಣ್ಣೆ ತೆಗೀತಾರೆ. ನಮ್ ಹಿಪ್ಪೆ, ಸಪೋಟ ಎಲ್ಲಾ ಇದೇ ಕುಟುಂಬದ ಮರಗಳೇ. ಅಮ್ಮಂಗೆ ಹೇಳಿದ್ರೆ "ಹಂಗಾದ್ರೆ ಹಿಪ್ಪೆ ಎಣ್ಣೆನೇ ತರಬೋದಿತ್ತಲ್ಲೋ, ಅಷ್ಟ್ ದುಡ್ಡ್ಯಾಕೆ" ಅಂದ್ರು!

ಬೆಳಿಗ್ಗೆ ಹೊತ್ತು ಕಲ್ಲಿನ ಥರ ಗಟ್ಟಿ, ಚಮಚದ ಹಿಡಿಯಿಂದ ಕೆರೆದು ಅಂಗೈಲಿ ಉಜ್ಜಿದ್ರೆ ಕರಗುತ್ತೆ, ಸ್ವಲ್ಪ ಹೊಗೆ ಹೊಗೆ ವಾಸನೆ. ಹತ್ತು ದಿನ ರಾತ್ರಿ ಹಚ್ಚಿ ಸಾಕ್ಸ್ ಹಾಕ್ಕೊಂಡು ಮಲಗಿದ್ಮೇಲೆ ಬಿರುಕು ಕೂಡ್ಕೊಂಡಿದೆ, ಸುಳ್ಳಲ್ಲ. ಅಂಗಡಿಯೋನು ಮಾತ್ರ ಸರಿ ಇಲ್ಲ, ಮೊದಲನೇ ಡಬ್ಬಿ ಸೀಲೇ ಒಡೆದಿತ್ತು, ಬದಲಾಯಿಸಿ ಅಂದ್ರೆ ಬಿಲ್ ಎಲ್ಲಿ ಅಂತಾನೆ, ಅವನು ಬಿಲ್ ಕೊಟ್ಟಿದ್ರೆ ತಾನೇ ಮಾರಾಯ್ರೇ. ಬೆಣ್ಣೆಗೆ 4 ಸ್ಟಾರ್, ಅಂಗಡಿಗೆ 1.