‘ವುಲ್ಫ್ ಟೋಟೆಮ್’: ಕುರಿಹಟ್ಟಿಯ ಕಣ್ಣಿನಿಂದ ಒಂದು ಓದು

ಜಿಂಕೆಯ ಹಿಂಡು ಕಂಡ ಕೂಡಲೇ ತೋಳ ಎರಗುವುದಿಲ್ಲ, ನಸುಕಿನವರೆಗೆ ಕಾಯುತ್ತದೆ. ಚಳಿಗೆ ಮುದುಡಿ ಮಲಗಿದ ಜಿಂಕೆ ರಾತ್ರಿಯೆಲ್ಲ ಉಚ್ಚೆ ಹೊಯ್ಯಲು ಏಳುವುದಿಲ್ಲ. ಬೆಳಕು ಹರಿಯುವಾಗ ಬೆನ್ನಟ್ಟಿದರೆ ತುಂಬಿದ ಉಚ್ಚೆಚೀಲ ಹೊತ್ತು ಓಡಲಾರದು. ಮಂಗೋಲ ಪಶುಪಾಲಕ ಮುದುಕ ಬಿಲ್ಗೀ, ಪಟ್ಟಣದಿಂದ ಬಂದ ಹುಡುಗ ಚೆನ್ ಜೆನ್‌ಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ಒಳ ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ನಡೆಯುವ, ಚೀನಿ ಲೇಖಕ ಜಿಯಾಂಗ್ ರಾಂಗ್ ಅವರ ಈ ಕಾದಂಬರಿಯ ಜೀವ ಇಂಥ ಪುಟಗಳಲ್ಲಿದೆ.

ತೋಳಗಳು ಅಟ್ಟಿ ಹಿಮದಲ್ಲಿ ಹೂತುಹೋಗುವಂತೆ ಮಾಡಿದ ಜಿಂಕೆಗಳನ್ನು ಜನ ಎಳೆಯುವ ಪ್ರಸಂಗ ನೋಡಿ. ಮೆತ್ತನೆ ಹಿಮದ ಮೇಲೆ ಕಾಲಿಟ್ಟರೆ ಮುಳುಗುತ್ತಾರೆ. ಅದಕ್ಕೆ ಉಣ್ಣೆಯ ದಪ್ಪ ಹಾಸು ಎರಡು ಇಟ್ಟುಕೊಂಡು, ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಸರಿಸುತ್ತಾರೆ. ಕಂಬಳಿಯನ್ನು ಹೊದಿಕೆ, ಹಾಸಿಗೆ, ಮಳೆಗೊಪ್ಪೆ ಎಲ್ಲಕ್ಕೂ ಬಳಸುವ ನಮ್ಮ ಕುರುಬರಿಗೆ ಈ ಜಾಣ್ಮೆ ಬಿಡಿಸಿ ಹೇಳಬೇಕಿಲ್ಲ. ತೋಳದ ಪಾಲನ್ನು ಬಿಟ್ಟೇ ಬರಬೇಕೆನ್ನುವುದು ಬಿಲ್ಗೀಯ ಕಟ್ಟು. ಹೊರಗಿನವರು ಬಂದು ಆ ಪಾಲನ್ನೂ ಬಳಿದೊಯ್ಯುತ್ತಾರೆ, ಗವಿಗಳಿಂದ ಮರಿಗಳನ್ನು ಎತ್ತುತ್ತಾರೆ. ಹಸಿದ ತೋಳಗಳು ಹಿಮಗಾಳಿಯ ರಾತ್ರಿ ಕುದುರೆ ಹಿಂಡಿನ ಮೇಲೆ ಬೀಳುತ್ತವೆ. ತೋಳ ಅಳಿದಂತೆ ಇಲಿ ಹೆಚ್ಚುತ್ತದೆ, ಹುಲ್ಲು ತೆಳುವಾಗುತ್ತದೆ, ತೆಳು ಮಣ್ಣಿಗೆ ನೇಗಿಲು ಬಿದ್ದ ಮೇಲೆ ಮರಳು ಏಳುತ್ತದೆ.

ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳದ ಯಡಹಳ್ಳಿ ಗುಡ್ಡದ ಸುತ್ತ ಕುರಿ ಮೇಯಿಸುವವರಿಗೆ ಈ ಸರಪಳಿ ಹತ್ತಿರದ್ದು. ಆದರೆ ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದದು. ನಮ್ಮ ತೋಳ ಮೈಯಲ್ಲಿ ಚಿಕ್ಕದು, ಗುಂಪೂ ಚಿಕ್ಕದು. ಇಲ್ಲಿ ಮೇವಿನ ನೆಲವನ್ನು ನುಂಗಿದ್ದು ಕಾಲುವೆ ನೀರು ಬಂದ ಮೇಲೆ ಹಬ್ಬಿದ ಕಬ್ಬು.

ಪುಸ್ತಕ ಸೋಲುವುದು ಸಿದ್ಧಾಂತದಲ್ಲಿ. ಅಲೆಮಾರಿಗಳದು ತೋಳದ ಗುಣ, ಬೇಸಾಯಗಾರರದು ಕುರಿಯ ಗುಣ ಎಂದು ಲೇಖಕರು ಮತ್ತೆ ಮತ್ತೆ ಹೇಳುತ್ತಾರೆ. ರೈತನ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ, ಹಿಕ್ಕೆಯ ಗೊಬ್ಬರಕ್ಕೆ ಬದಲಾಗಿ ಕಾಳುಕಡಿ ಪಡೆಯುವ ನಾಡಿನಲ್ಲಿ ಆ ಗೆರೆ ನಿಲ್ಲುವುದಿಲ್ಲ. ತೋಳ ತಮ್ಮ ಕುಲಚಿಹ್ನೆಯೇ (ಟೋಟೆಮ್) ಅಲ್ಲವೆಂದು ಮಂಗೋಲರಲ್ಲೂ ಆಕ್ಷೇಪ ಎತ್ತಿದವರಿದ್ದಾರೆ. ಅನುಭವವಂತೂ ಗಟ್ಟಿ: ಲೇಖಕರು 1967ರಿಂದ 11 ವರ್ಷ ಒಳ ಮಂಗೋಲಿಯಾದಲ್ಲಿದ್ದವರು.

ಚೀನಿ ಮೂಲ 2004ರದು. ಹೊವರ್ಡ್ ಗೋಲ್ಡ್‌ಬ್ಲಾಟ್ ಅವರ 2008ರ ಇಂಗ್ಲಿಷ್ ಅನುವಾದ 500 ಪುಟ ದಾಟುತ್ತದೆ. ಮೂಲದ ಕೊನೆಯ ಉದ್ದನೆಯ ಚರ್ಚೆ ಅದರಲ್ಲಿಲ್ಲ, ಅದರಿಂದ ಒಳ್ಳೆಯದೇ ಆಗಿದೆ. ಉಪನ್ಯಾಸ ಶುರುವಾದಲ್ಲಿ ಪುಟ ಹಾರಿಸಿ. ಚೆನ್ ತೋಳದ ಮರಿ ಸಾಕುವ ಭಾಗವನ್ನು ಮಾತ್ರ ಒಂದು ಸಾಲೂ ಬಿಡಬೇಡಿ: ಪ್ರೀತಿಯಿಂದಲೇ ಸರಪಳಿ ಬಿಗಿಯುತ್ತಾನೆ, ಇಕ್ಕಳದಿಂದ ಹಲ್ಲಿನ ಮೊನೆ ಮುರಿಯುತ್ತಾನೆ, ಅಲ್ಲಿಗೆ ಅದು ಕಾಡಿಗೆ ಮರಳುವ ದಾರಿ ಮುಚ್ಚುತ್ತದೆ. ಮೇವಿನ ಜಾಗ ಬದಲಿಸುವಾಗ ಆ ಮರಿ ಎಳೆದರೂ ಹೆಜ್ಜೆ ಇಡುವುದಿಲ್ಲ.