ಬಿಳಿ ಎಲ್‌ಇಡಿ: ಫಾಸ್ಫರ್ ಲೇಪನವೋ, ಬಣ್ಣಗಳ ಬೆರಕೆಯೋ?

ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬಿಳಿ ಬೆಳಕು ಪಡೆಯಲು ನೀಲಿ ಚಿಪ್ ಮೇಲೆ ಹಳದಿ ಫಾಸ್ಫರ್ (ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಸೂಸುವ ವಸ್ತು) ಲೇಪಿಸಿದ ಎಲ್‌ಇಡಿ ಸೂಕ್ತವೋ, ಕೆಂಪು, ಹಸಿರು, ನೀಲಿ ಚಿಪ್‌ಗಳ ಬೆಳಕನ್ನು ಬೆರೆಸುವ ದೀಪವೋ ಎಂದು ಕೇಳುವವರು ಮೊದಲು ದಕ್ಷತೆಯನ್ನು ನೋಡಬೇಕು.

ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿನ ಒಂದು ಪಾಲನ್ನು ಫಾಸ್ಫರ್ ಹೀರಿಕೊಂಡು ಹಳದಿಯಾಗಿ ಹೊರಸೂಸುತ್ತದೆ, ಉಳಿದ ನೀಲಿಯೊಡನೆ ಅದು ಬೆರೆತು ಬಿಳಿಯಾಗಿ ಕಾಣುತ್ತದೆ; ಆದರೆ ಹೀರಿದ ನೀಲಿ ಫೋಟಾನ್ (ಬೆಳಕಿನ ಕಣ) ಮತ್ತು ಹೊರಬಂದ ಹಳದಿ ಫೋಟಾನ್‌ಗಳ ಶಕ್ತಿಯ ನಡುವಿನ ಅಂತರ ಶಾಖವಾಗಿ ಕಳೆದುಹೋಗುತ್ತದೆ. ಬೆರಕೆಯಲ್ಲಿ ಈ ಪರಿವರ್ತನೆಯೇ ಇಲ್ಲದಿರುವುದರಿಂದ ಸಿದ್ಧಾಂತದ ಮಟ್ಟದಲ್ಲಿ ಅದೇ ಮುಂದು. ಆದರೆ ಹಗಲುಬೆಳಕಿನಲ್ಲಿ ಕಣ್ಣು ಅತ್ಯಂತ ಚೆನ್ನಾಗಿ ಗ್ರಹಿಸುವುದು 555 ನ್ಯಾನೊಮೀಟರ್ ಸುತ್ತಲಿನ ಹಸಿರನ್ನು. ಆ ವಲಯದಲ್ಲೇ ಚಿಪ್‌ಗಳ ದಕ್ಷತೆ ನೀಲಿಯದಕ್ಕಿಂತ ಬಹಳ ಕಡಿಮೆ. ಈ ಕೊರತೆ ನೀಗುವವರೆಗೆ ಪ್ರತಿ ವ್ಯಾಟ್‌ಗೆ ಸಿಗುವ ಲುಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಲೆಕ್ಕದಲ್ಲಿ ಫಾಸ್ಫರ್ ದೀಪವನ್ನೇ ನಾನು ನೆಚ್ಚುತ್ತೇನೆ.

ವೆಚ್ಚದಲ್ಲಿಯೂ ಅದೇ ಹಗುರ. ಬೆರಕೆಯ ದೀಪಕ್ಕೆ ಪ್ರತಿ ಬಣ್ಣಕ್ಕೂ ಪ್ರತ್ಯೇಕ ನಿಯಂತ್ರಣ ಬೇಕು, ಬಿಸಿಯಾದಂತೆ ಕೆಂಪು ಚಿಪ್ ಉಳಿದವುಗಳಿಗಿಂತ ಬೇಗ ಮಂಕಾಗುವುದರಿಂದ ಬಿಳಿಯ ಛಾಯೆಯೂ ಬದಲಾಗುತ್ತದೆ.

ಹೀಗಾಗಿ ಬೀದಿ, ಕಚೇರಿಗಳಲ್ಲಿ ದೀರ್ಘಕಾಲ ಉರಿಯುವ ದೀಪಗಳಿಗೆ ಫಾಸ್ಫರ್ ಹೊಂದುತ್ತದೆ. ಬಣ್ಣವನ್ನು ಬೇಕೆಂದಂತೆ ಬದಲಿಸಬೇಕಾದ ರಂಗಮಂದಿರಕ್ಕೆ ಬೆರಕೆಯೇ ಸರಿ. ಬಣ್ಣಗಳು ಸಹಜವಾಗಿ ಕಾಣಬೇಕು, ದಕ್ಷತೆಯೂ ಉಳಿಯಬೇಕು ಎನ್ನುವವರು 630 ನ್ಯಾನೊಮೀಟರ್ ಆಸುಪಾಸಿನಲ್ಲಿ ಮಾತ್ರ ಹೊಳೆಯುವ ಕಿರುಪಟ್ಟಿಯ ಕೆಂಪು ಫಾಸ್ಫರ್ ಸೇರಿಸಿದ ದೀಪವನ್ನು ಪರಿಗಣಿಸಬಹುದು, ಏಕೆಂದರೆ ಅದರಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪಿನತ್ತ ಶಕ್ತಿ ಸೋರಿಹೋಗುವುದಿಲ್ಲ.