ಕುರ್ಚಿಯ ಕಂಬಿ: ಕೊಂಡದ್ದು, ಕಡೆಸಿದ್ದು, ಸೀಳಿದ್ದು

ಅಜ್ಜನ ತೇಗದ ಕುರ್ಚಿಯ ಬೆನ್ನಿಗೆ ಮರದ 7 ಕಂಬಿಗಳು. ಮೂರು ಮುರಿದಿದ್ದವು, ಒಂದಕ್ಕಂತೂ ಯಾರೋ ತಂತಿ ಸುತ್ತಿ ವರ್ಷಗಟ್ಟಲೆ ದೂಡಿದ್ದರು. ಉದ್ದ 18 ಇಂಚು, ನಡುವೆ 5 ನೂಲು ದಪ್ಪ, ತುದಿಗಳಲ್ಲಿ 3 ನೂಲು. ಇಂಚಿನ ಎಂಟರಲ್ಲೊಂದು ಪಾಲಿಗೆ ಬಡಗಿಗಳು ನೂಲು ಎನ್ನುತ್ತಾರೆ. ಬೆನ್ನಿನ ಮೇಲುಪಟ್ಟಿಯ ಹಳೆಯ ಅಂಟು ಬಿಸಿನೀರಿನ ಬಟ್ಟೆಗೆ ಸಡಿಲವಾಯಿತು. ಮೂರನ್ನೂ ಒಂದೇ ಬಗೆಯಲ್ಲಿ ಮಾಡಬಹುದಿತ್ತು, ಆದರೆ ನನಗೆ ಕುತೂಹಲದ ಚಟ.

ಮೊದಲನೆಯದು ಅಂಗಡಿಯ ದುಂಡು ಕೋಲು. ತುದಿಗಳನ್ನು ಮರಳುಕಾಗದದಿಂದ ಉಜ್ಜಿ ಸಣ್ಣದು ಮಾಡಿದರೆ ಒಂದು ಗಂಟೆಯ ಕೆಲಸ. ಅದರ ಮೈಮೇಲೆ ದೀಪದ ಕುಡಿಯಂತಹ ಚೂಪು ಗೆರೆಗಳಿದ್ದವು, ಚೆಂದ ಎಂದುಕೊಂಡೆ. ಮರದ ಎಳೆ ಓರೆಯಾಗಿ ಹೊರಗೆ ಹಾಯ್ದಿದೆ ಎಂಬುದರ ಗುರುತು ಅದು. ಎರಡನೇ ವಾರ ಭಾವ ಊಟ ಮುಗಿಸಿ ಹಿಂದಕ್ಕೆ ಒರಗಿದರು, ಚಟ್ ಎಂದಿತು. ಮುರಿದ ಜಾಗ ಲೇಖನಿಯ ಮೊನೆಯ ಹಾಗೆ ಓರೆಯಾಗಿತ್ತು.

ಎರಡನೆಯದಕ್ಕೆ ಚನ್ನಪಟ್ಟಣಕ್ಕೆ ಹೋದೆ. ಗೊಂಬೆ ಕಡೆಯುವವರೊಬ್ಬರು ಒಪ್ಪಿದರು. ಅವರ ಬಳಿ ಇದ್ದದ್ದು ಬೆಳ್ಳಗಿನ ಹಾಲೆ ಮರ. ಗೊಂಬೆಗೆ ಸರಿ, ಒರಗುವ ಬೆನ್ನಿಗೆ ಬೇಡವೆಂದು ಹಳೆಯ ತೇಗದ ತೊಲೆಯಿಂದ ಕೊಯ್ದ ತುಂಡನ್ನು ನಾನೇ ಒಯ್ದಿದ್ದೆ. "ಗೊಂಬೆಯ ಕಾಲಾದರೆ ಕಣ್ಣು ಮುಚ್ಚಿ ಕಡೆಯುತ್ತೇನೆ ಸ್ವಾಮಿ, ಇದು ಚಾಟಿಯ ಹಾಗೆ ಕುಣಿಯುತ್ತದೆ" ಎಂದರು. ಉದ್ದವಾದ ತೆಳು ಮರ ಲೇತಿನಲ್ಲಿ ನಡುವೆ ಬಳುಕುತ್ತದೆ, ಉಳಿ ತಾಗಿದಲ್ಲೆಲ್ಲ ಅಲೆ ಬೀಳುತ್ತದೆ. ಅವರು ಎಡಗೈ ಬೆರಳುಗಳನ್ನು ಹಿಂದೆ ಆಸರೆ ಕೊಟ್ಟು ತಾಳ್ಮೆಯಿಂದ ಕಡೆದರು. ಹಳೆಯ ಕಂಬಿಯ ಪಕ್ಕ ಇಟ್ಟರೆ ಅವಳಿ. ನಿಮ್ಮ ಕುರ್ಚಿಯ ಕಂಬಿಗೆ ಬಳೆ, ಗುಂಡು ಇದ್ದರೆ ಲೇತ್ ಬಿಟ್ಟು ಬೇರೆ ದಾರಿಯೇ ಇಲ್ಲ.

ಮೂರನೆಯದು ಮನೆಯಲ್ಲೇ. ಅದೇ ತೊಲೆಯ ಉಳಿದ ಭಾಗದ ಮೇಲೆ ಮಚ್ಚು ಇಟ್ಟು ಕೊಡತಿಯಿಂದ ಬಡಿದೆ. ಮೊದಲ ತುಂಡು ಗಂಟಿನ ಬಳಿ ಅಡ್ಡಕ್ಕೆ ಸೀಳಿ ಬಚ್ಚಲ ಒಲೆ ಸೇರಿತು. ಎರಡನೆಯದು ಬುಡದಿಂದ ತುದಿಯವರೆಗೆ ನೇರ ಬಿಚ್ಚಿಕೊಂಡಿತು. ಗರಗಸ ನಾವು ಎಳೆದ ಗೆರೆಯಲ್ಲಿ ಹೋಗುತ್ತದೆ, ಸೀಳು ಮರದ ಎಳೆಯಲ್ಲಿ ಹೋಗುತ್ತದೆ; ಬಲವೆಲ್ಲ ಅಲ್ಲಿದೆ. ಚೌಕ ಮಾಡಿ, ಎಂಟು ಮೂಲೆ ಮಾಡಿ, ಕೀಸುಳಿಯಿಂದ ದುಂಡಗೆ ತರುವಷ್ಟರಲ್ಲಿ ಅರ್ಧ ದಿನ ಕಳೆಯಿತು. ತುದಿಗಳನ್ನು ಬಾಣಲೆಯಲ್ಲಿ ಕಾಯಿಸಿದ ಮರಳಿನಲ್ಲಿ ಹೂತು ಒಣಗಿಸಿದೆ (ಕಡಲೆಕಾಯಿ ಎಲ್ಲಿ ಎಂದು ಮಗಳು ಕೇಳಿದಳು). ಒಣಗಿ ಸಣ್ಣದಾದ ತುದಿ ತೂತಿನೊಳಗೆ ತೇವ ಹೀರಿ ಉಬ್ಬಿ ಬಿಗಿಯುತ್ತದೆ. ನೋಟಕ್ಕೆ ಇದೇ ಕೊನೆ: ಬೆರಳಾಡಿಸಿದರೆ ಕೀಸಿದ ಪಟ್ಟೆಗಳು ಸಿಗುತ್ತವೆ. ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ತುಸು ಬಾಗಿ ಮರಳುವುದು ಇದೊಂದೇ.

ನನ್ನ ಆಯ್ಕೆ? ಮೊದಲು ಸೀಳಿ, ಆ ತುಂಡನ್ನೇ ಲೇತಿಗೆ ಕೊಡಿ. ಚನ್ನಪಟ್ಟಣಕ್ಕೆ ಹೋಗುವ ಮುನ್ನ ಇದು ಹೊಳೆಯಲಿಲ್ಲ. ಭಾವ ಮುರಿದ ಜಾಗಕ್ಕೆ ಕೈಯಲ್ಲೇ ಇನ್ನೊಂದು ಮಾಡಿ ಕೂರಿಸಿದೆ. ಅಂಗಡಿಯ ಕೋಲಿನ ಉದ್ದ ತುಂಡು ಈಗ ಮೆಣಸಿನ ಗಿಡಕ್ಕೆ ಆಸರೆಯಾಗಿದೆ.